ಡಿಸ್ಕಸ್ ಬಾಣಂತನಕ್ಕೆ ಸಜ್ಜಾದ ಮನೆ

ಬೆಂಗಳೂರಿನ ವಿಜಯನಗರದ ಒಂದು ಅಡ್ಡರಸ್ತೆಯಲ್ಲಿ 30×40 ಸೈಟಿನ ಮನೆ. ಕೆಳಗೆ ಬಾಡಿಗೆಯವರು, ಮೇಲೆ ಮಾಲೀಕರು, ಅದರ ಮೇಲೆ ಟೆರೇಸು. ಮೀನು ನೋಡಲು ಬಂದವರನ್ನು ಯಜಮಾನರು ನೇರವಾಗಿ ಮೀನಿನ ಕೋಣೆಗೆ ಕರೆದೊಯ್ಯುವುದಿಲ್ಲ. ಗೇಟಿನ ಒಳಗೆ ಕಾಲಿಟ್ಟ ಕೂಡಲೇ ಸಂಪಿನ ಮುಚ್ಚಳದ ಪಕ್ಕ ನಿಲ್ಲಿಸಿಕೊಳ್ಳುತ್ತಾರೆ. ‘ಮೀನು ಎಲ್ಲೂ ಓಡಿಹೋಗಲ್ಲ, ಮೊದಲು ನೀರು ನೋಡಿ’ ಎಂಬುದು ಅವರ ಸ್ವಾಗತದ ಮಾತು. ಹೆಸರು ಅಚ್ಚಾಗುವುದು ಬೇಡ ಎಂದು ಮೊದಲೇ ಹೇಳಿದ್ದರು. ಹೋದ ಸಲ ಮರಿಯಾದ ಸುದ್ದಿ ಹಬ್ಬಿ, ಭಾನುವಾರ ಊಟಕ್ಕೆ ಕೂತಾಗಲೂ ಫೋನು ಬಿಡಲಿಲ್ಲವಂತೆ. ಈಗ ಹೊಸ ಜೋಡಿಯೊಂದನ್ನು ಅಣಿಗೊಳಿಸುತ್ತಿದ್ದಾರೆ. ಮೊಟ್ಟೆ ಇನ್ನೂ ಬಿದ್ದಿಲ್ಲ. ನಾನು ನೋಡಲು ಹೋದದ್ದೂ ಮೊಟ್ಟೆಗೆ ಮುಂಚಿನ ಏರ್ಪಾಡನ್ನೇ.

ಡಿಸ್ಕಸ್ ಎಂದರೆ ಅಂಗೈ ಅಗಲಕ್ಕೆ ಬೆಳೆಯುವ, ದುಂಡನೆಯ ಚಪ್ಪಟೆ ಮೀನು. ಅಂಗಡಿಗಳಲ್ಲಿ ಎಲ್ಲರೂ ಕಂಡಿರುವ ಏಂಜಲ್ ಮೀನಿನ ಹತ್ತಿರದ ಬಂಧು. ಎರಡೂ ಸಿಕ್ಲಿಡ್ ಕುಟುಂಬದವು. ಊರು ಅಮೆಜಾನ್ ಮತ್ತು ಅದರ ಉಪನದಿಗಳು. ರಿಯೊ ನೆಗ್ರೊ ನದಿಯಲ್ಲಿ ಸಿಕ್ಕ ಮೀನನ್ನು 1840ರಲ್ಲಿ ಆಸ್ಟ್ರಿಯಾದ ಯೋಹಾನ್ ಯಾಕೊಬ್ ಹೆಕೆಲ್ ಅಧ್ಯಯನ ಮಾಡಿ ‘ಸಿಂಫಿಸೊಡಾನ್ ಡಿಸ್ಕಸ್’ ಎಂದು ಹೆಸರಿಟ್ಟ. ಆ ನದಿಯ ದಂಡೆಯಲ್ಲಿರುವ ಬಾರ್ಸೆಲೊಸ್ ಎಂಬ ಊರಿನಲ್ಲಿ ಅಲಂಕಾರಿಕ ಮೀನಿನ ಹಬ್ಬವೇ ನಡೆಯುತ್ತದೆ. ಊರಿನವರು ಕಾರ್ಡಿನಲ್ ಟೆಟ್ರಾದ ಕಡೆಯವರು, ಡಿಸ್ಕಸ್ ಕಡೆಯವರು ಎಂದು ಎರಡು ಪಂಗಡವಾಗಿ ಸ್ಪರ್ಧೆಗೆ ಇಳಿಯುತ್ತಾರೆ. ಅಲ್ಲಿನ ನೀರು ಕೊಳೆತ ಎಲೆಗಳ ಸಾರದಿಂದ ಕಂದು ಬಣ್ಣದ್ದು, ಹುಳಿ ಗುಣದ್ದು. ಅದರಲ್ಲಿ ಲವಣಾಂಶ ಇಲ್ಲವೆನ್ನುವಷ್ಟು ಕಡಿಮೆ. ಬೆಂಗಳೂರಿನ ಸಂಪಿನ ಪಕ್ಕ ನಿಂತು ಮಾತಾಡಬೇಕಾಗಿ ಬಂದದ್ದು ಇದೇ ಕಾರಣಕ್ಕೆ.

ಮೂರು ನೀರು

ಈ ಮನೆಗೆ ದಿನ ಬಿಟ್ಟು ದಿನ ಕಾವೇರಿ ಬರುತ್ತದೆ. ಸಾಲದಾದರೆ ಬೋರ್‌ವೆಲ್. ಎಲ್ಲರ ಮನೆಯಲ್ಲೂ ಇವೆರಡೂ ಸಂಪಿನಲ್ಲಿ ಕಲೆತುಹೋಗುತ್ತವೆ. ಇವರು ಹಾಗಾಗಲು ಬಿಟ್ಟಿಲ್ಲ. ಕಾವೇರಿ ಪೈಪು ಸಂಪಿಗೆ ಇಳಿಯುವ ಮುಂಚೆಯೇ ಒಂದು ಕವಲು ಒಡೆಸಿ, ನೀಲಿ ಡ್ರಮ್ಮಿಗೆ ಬೇರೆ ನಲ್ಲಿ ಹಾಕಿಸಿದ್ದಾರೆ. ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ, ನೀರಿನಲ್ಲಿ ಕರಗಿದ ಲವಣಾಂಶ ಅಳೆಯುವ ಟಿಡಿಎಸ್ ಮೀಟರ್. ಮೂರು ಲೋಟದಲ್ಲಿ ನೀರು ಹಿಡಿದು ಒಂದೊಂದಕ್ಕೂ ಅದ್ದಿ ತೋರಿಸಿದರು. ಬೋರ್ ನೀರು 640, ಕಾವೇರಿ 230, ಅಡುಗೆಮನೆಯ ಆರ್‌ಒ ಯಂತ್ರದ ನೀರು 18.

ಅಂಗಡಿಯಲ್ಲಿ ಸಿಗುವ ಡಿಸ್ಕಸ್ ಈಗ ಕಾಡಿನದಲ್ಲ; ಹತ್ತಾರು ತಲೆಮಾರು ತೊಟ್ಟಿಯಲ್ಲೇ ಹುಟ್ಟಿ ಬೆಳೆದದ್ದು. ಕಾವೇರಿ ನೀರಿನಲ್ಲಿ ಸುಖವಾಗಿ ಬದುಕುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ತೊಂದರೆ ಶುರುವಾಗುವುದು ಅಲ್ಲಿಂದಾಚೆಗೆ. ಗಡಸು ನೀರಿನಲ್ಲಿ ಮೊಟ್ಟೆಯ ಹೊರಪೊರೆ ಬಿಗಿದುಕೊಂಡು ಗಂಡಿನ ವೀರ್ಯ ಒಳಸೇರುವುದು ಕಷ್ಟವಾಗುತ್ತದೆ. ಮೊಟ್ಟೆಗಳು ಎರಡನೆಯ ದಿನಕ್ಕೆ ಒಂದೊಂದಾಗಿ ಬೆಳ್ಳಗಾಗಿ, ಬೂಷ್ಟು ಹಿಡಿಯುತ್ತವೆ. ಜೋಡಿ ಸರಿಯಿಲ್ಲ, ಗಂಡು ಷಂಡ ಎಂದು ಮೀನಿನ ಮೇಲೆ ತಪ್ಪು ಹೊರಿಸುವವರು ಬಹಳ. ಅನೇಕ ಸಲ ತಪ್ಪು ಬೋರ್‌ವೆಲ್ಲಿನದು.

ಹಾಗಾಗಿ ಮರಿ ಮಾಡಿಸುವ ತೊಟ್ಟಿಗೆ ಆರ್‌ಒ ನೀರಿಗೆ ಕಾವೇರಿಯನ್ನು ಬೆರೆಸಿ 110ರ ಆಸುಪಾಸಿಗೆ ತಂದುಕೊಳ್ಳುತ್ತಾರೆ. ಬರೀ ಆರ್‌ಒ ನೀರು ಯಾಕಾಗದು ಎಂದು ಕೇಳಿದೆ. ಅದರಲ್ಲಿ ಹುಳಿಯನ್ನು ತಡೆದು ನಿಲ್ಲಿಸುವ ಕ್ಷಾರಾಂಶವೇ ಇರುವುದಿಲ್ಲ. ಮೀನಿನ ಮಲಮೂತ್ರ ಸೇರುತ್ತಿದ್ದಂತೆ ಪಿಎಚ್ ರಾತ್ರೋರಾತ್ರಿ ಕುಸಿಯಬಹುದು. 6ಕ್ಕಿಂತ ಕೆಳಗಿಳಿದರೆ ಫಿಲ್ಟರಿನಲ್ಲಿ ಅಮೋನಿಯಾ ತಿಂದು ಬದುಕುವ ಬ್ಯಾಕ್ಟೀರಿಯಾಗಳ ಕೆಲಸ ಮಂದವಾಗುತ್ತದೆ. ಇವರು 6.2ರಿಂದ 6.5ರ ನಡುವೆ ಇಟ್ಟುಕೊಂಡಿದ್ದಾರೆ. ‘ಇವತ್ತು 6.0, ನಾಳೆ 7.0 ಅಂತ ಆಟ ಆಡೋದಕ್ಕಿಂತ ದಿನಾ 6.8 ಇದ್ದರೂ ವಾಸಿ’ ಎಂದರು. ಒಂದು ಲೀಟರ್ ಆರ್‌ಒ ನೀರಿಗೆ ಎರಡು ಮೂರು ಲೀಟರ್ ಆಚೆ ಹೋಗುತ್ತದಲ್ಲ, ಅದಕ್ಕೂ ಒಂದು ಡ್ರಮ್ ಇದೆ. ನೆಲ ಒರೆಸಲು, ಬಚ್ಚಲಿಗೆ, ಕಾರು ತೊಳೆಯಲು ಅದೇ ಗತಿ. ಮನೆಯಾಕೆ ಈ ಹವ್ಯಾಸಕ್ಕೆ ಒಪ್ಪಿದ್ದು ಈ ಕರಾರಿನ ಮೇಲೆ.

ಬೆರೆಸಿದ ನೀರು ಬಾಲ್ಕನಿಯ ಡ್ರಮ್ಮಿನಲ್ಲಿ ಒಂದು ದಿನ ಕುಳಿತಿರುತ್ತದೆ. ಕ್ಲೋರಿನ್ ಹಾರಿಹೋಗಲು ಒಳಗೆ ಗಾಳಿಗುಂಡು ಸದಾ ಗುಳುಗುಳು ಎನ್ನುತ್ತದೆ. ಅವಸರಕ್ಕೆ ಬೇಕಾದರೆ ಸೋಡಿಯಂ ಥಯೋಸಲ್ಫೇಟ್ ಹರಳು. ಅಂಗಡಿಯವರು ‘ಆಂಟಿ ಕ್ಲೋರಿನ್’ ಎಂದು ಪೊಟ್ಟಣ ಕಟ್ಟಿ ಕೊಡುವುದು ಅದನ್ನೇ. ಡ್ರಮ್ಮಿನೊಳಗೆ ತೇಲುತ್ತಿದ್ದ ಅಗಲವಾದ ಕಂದು ಎಲೆಗಳು ಪಾರ್ಕಿನ ಪಕ್ಕದ ಕಾಡುಬಾದಾಮಿ ಮರದವು. ತಾವಾಗಿ ಉದುರಿದ, ಪೂರ್ತಿ ಒಣಗಿದ ಎಲೆ ಮಾತ್ರ ಆಯುತ್ತಾರೆ. ರಸ್ತೆಯ ದೂಳು ಹೋಗುವಂತೆ ತಿಕ್ಕಿ ತೊಳೆದು ಬಿಡುತ್ತಾರೆ. ಎಲೆಯ ಟ್ಯಾನಿನ್ ನೀರಿಗೆ ಇಳಿದು ತುಸು ಹುಳಿ, ತುಸು ಬಣ್ಣ ಕೊಡುತ್ತದೆ. ರಿಯೊ ನೆಗ್ರೊದ ಕಂದು ಬಣ್ಣದ ಹಿಂದೆ ಇರುವುದೂ ಎಲೆಯ ಸಾರವೇ.

ಕೋಣೆಯೊಳಗೆ

ಅಕ್ವೇರಿಯಂ ಎಲ್ಲಿಡಬೇಕು ಎಂದರೆ ವಾಸ್ತುವಿನವರು ಈಶಾನ್ಯ ಎನ್ನುತ್ತಾರೆ. ಇಲ್ಲಿ ಇಟ್ಟಿರುವುದು ಮನೆಯ ಹಿಂಬದಿಯ, ಬೀರು ಇಡುತ್ತಿದ್ದ ಕೋಣೆಯಲ್ಲಿ. ಟೀವಿ ಸದ್ದಿಲ್ಲ, ಬಾಗಿಲು ಬಡಿಯುವವರಿಲ್ಲ, ಕಿಟಕಿಯಿಂದ ನೇರ ಬಿಸಿಲಿಲ್ಲ. ಬೆಚ್ಚಗೆ, ಮಬ್ಬಾಗಿ, ಹೊರಗಿನವರ ಕಾಲ್ತುಳಿತವಿಲ್ಲದೆ ಇರುವ ಈ ಕೋಣೆಯನ್ನು ನಮ್ಮ ಅಜ್ಜಿಯರು ಕಂಡಿದ್ದರೆ ಬಾಣಂತಿ ಕೋಣೆ ಎಂದೇ ತಿಳಿಯುತ್ತಿದ್ದರು. ಚಪ್ಪಲಿ ಆಚೆ ಬಿಟ್ಟು, ಕೈ ಕಾಲು ಜೋರಾಗಿ ಆಡಿಸದೆ ಒಳಗೆ ಬರಬೇಕೆಂದು ನನಗೂ ಅಪ್ಪಣೆಯಾಯಿತು. ಬೆಚ್ಚಿದ ಡಿಸ್ಕಸ್ ಗಾಜಿಗೆ ತಲೆ ಚಚ್ಚಿಕೊಳ್ಳುತ್ತದೆ. ಮೊಟ್ಟೆ ಕಾಯುವಾಗ ಬೆಚ್ಚಿದರೆ ಮೊಟ್ಟೆಯನ್ನೇ ತಿಂದುಬಿಡುತ್ತದೆ.

ಗೋಡೆಯುದ್ದಕ್ಕೂ ಕಬ್ಬಿಣದ ಸ್ಟ್ಯಾಂಡು. ಅದರ ಮೇಲೆ ಉದ್ದ, ಅಗಲ, ಎತ್ತರ ಮೂರೂ 18 ಇಂಚಿನ ಗಾಜಿನ ತೊಟ್ಟಿಗಳು. ಕಂಠದಿಂದ ಎರಡಿಂಚು ಕೆಳಗೆ ತುಂಬಿದರೆ ಸುಮಾರು 85 ಲೀಟರ್ ಹಿಡಿಯುತ್ತದೆ. ಗಾಜೂ ಸೇರಿ ಒಂದೊಂದು 100 ಕಿಲೋ ದಾಟುತ್ತದೆ. ಸ್ಟ್ಯಾಂಡು ಕೋಣೆಯ ನಡುವೆ ಇಲ್ಲದೆ, ಕೆಳಗೆ ಬೀಮ್ ಹಾದುಹೋಗುವ ಗೋಡೆಗೆ ಒತ್ತಿಕೊಂಡಿರುವುದು ಇಂಜಿನಿಯರನ್ನು ಕೇಳಿಯೇ.

ಮರಿಯ ತೊಟ್ಟಿ ನೋಡಿದರೆ ಮೊದಲ ಸಲಕ್ಕೆ ನಿರಾಸೆಯಾಗುತ್ತದೆ. ಮರಳಿಲ್ಲ, ಗಿಡವಿಲ್ಲ, ಕಲ್ಲಿಲ್ಲ. ಬರಿಯ ಗಾಜಿನ ತಳ. ಉಳಿದ ಆಹಾರ, ಹಿಕ್ಕೆ ಎಲ್ಲ ಕಣ್ಣಿಗೆ ಬೀಳಬೇಕು, ಪೈಪು ಹಾಕಿ ಎಳೆದರೆ ಒಂದೇ ಏಟಿಗೆ ಹೋಗಬೇಕು. ಮೂಲೆಯಲ್ಲಿ ಗಾಳಿಯಿಂದ ನಡೆಯುವ ಸ್ಪಂಜ್ ಫಿಲ್ಟರ್. ಮೋಟಾರ್ ಫಿಲ್ಟರ್ ಇಟ್ಟರೆ ರೆಪ್ಪೆಗೂದಲಿಗಿಂತ ಸಣ್ಣ ಮರಿಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ನಡುವೆ ಒಂದು ಅಡಿ ಎತ್ತರದ ಮಣ್ಣಿನ ಶಂಕು, ಮೊಟ್ಟೆ ಅಂಟಿಸಲು. ಕಾಡಿನಲ್ಲಿ ನೀರಲ್ಲಿ ಮುಳುಗಿದ ಬೇರು, ಕೊಂಬೆ ಇರುತ್ತವೆ. ಇಲ್ಲಿ ಅದರ ಜಾಗಕ್ಕೆ ಇದು. ಪಿವಿಸಿ ಪೈಪಿನ ತುಂಡು ನೆಟ್ಟಗೆ ನಿಲ್ಲಿಸಿದರೂ ನಡೆಯುತ್ತದೆ.

ಹೀಟರ್ ಎರಡು, ತಲಾ 100 ವಾಟಿನವು. 200 ವಾಟಿನದ್ದು ಒಂದೇ ಹಾಕಿದರೆ ಆಗುವುದಿಲ್ಲವೇ? ಆಗುತ್ತದೆ. ಆದರೆ ಥರ್ಮೋಸ್ಟಾಟ್ ಅಂಟಿಕೊಂಡು ಉರಿಯುತ್ತಲೇ ಉಳಿದರೆ ಬೆಳಗಾಗುವಷ್ಟರಲ್ಲಿ ಮೀನು ಬೇಯುತ್ತದೆ. ಎರಡಿದ್ದಾಗ ಒಂದು ಕೆಟ್ಟು ನಿಂತರೆ ಇನ್ನೊಂದು ಕಾಯುತ್ತದೆ; ಒಂದು ಕೆಟ್ಟು ಉರಿದರೂ ತೊಟ್ಟಿಯನ್ನು ಕುದಿಸುವ ತಾಕತ್ತು ಅದಕ್ಕಿಲ್ಲ. ನೀರು 29 ಡಿಗ್ರಿಯಲ್ಲಿ ನಿಂತಿತ್ತು. ಡಿಸೆಂಬರಿನ ಬೆಂಗಳೂರಿನಲ್ಲಿ ರಾತ್ರಿಯ ತಾಪ 15ರ ಹತ್ತಿರಕ್ಕೆ ಇಳಿಯುವಾಗ ಇದು ಸಣ್ಣ ಮಾತಲ್ಲ. ಕರೆಂಟ್ ಹೋದರೆ ಗಾಳಿ ಪಂಪು ಇನ್ವರ್ಟರಿನ ಮೇಲೆ. ಹೀಟರಿಗೆ ಆ ಭಾಗ್ಯವಿಲ್ಲ. ತೊಟ್ಟಿಗೆ ಕಂಬಳಿ ಸುತ್ತುತ್ತಾರೆ. 85 ಲೀಟರ್ ನೀರು ಅಷ್ಟು ಬೇಗ ಆರುವುದಿಲ್ಲ, ಉಸಿರು ಮಾತ್ರ ನಿಲ್ಲಬಾರದು ಎಂಬುದು ಅವರ ಲೆಕ್ಕ.

ತೊಟ್ಟಿಯ ಮೂರು ಬದಿಗೆ ಹೊರಗಿನಿಂದ ತಿಳಿನೀಲಿ ಬಣ್ಣ ಬಳಿದಿತ್ತು. ಅಂದಕ್ಕಿರಬೇಕೆಂದುಕೊಂಡೆ. ಸ್ಪಂಜ್ ನೋಡಿದೆ, ಅದೂ ನೀಲಿ. ಅಂಗಡಿಯಲ್ಲಿ ಸಿಗುವ ಕಪ್ಪು ಸ್ಪಂಜನ್ನು ಬೇಕೆಂದೇ ಬಿಟ್ಟಿದ್ದಾರೆ. ಹೀಟರಿನ ಕಪ್ಪು ಮುಚ್ಚಳಕ್ಕೂ ಬಿಳಿ ಟೇಪು ಸುತ್ತಿದೆ. ಈ ತೊಟ್ಟಿಯಲ್ಲಿ ಕಪ್ಪಗೆ ಕಾಣಬೇಕಾದ್ದು ಎರಡೇ ವಸ್ತು, ತಂದೆ ಮತ್ತು ತಾಯಿ. ಇದರ ಗುಟ್ಟು ತಿಳಿಯಬೇಕಾದರೆ ಡಿಸ್ಕಸ್ ಮರಿ ಏನು ತಿಂದು ಬದುಕುತ್ತದೆ ಎಂಬುದು ಗೊತ್ತಿರಬೇಕು.

ಮೈಯೇ ಊಟ

ಡಿಸ್ಕಸ್ ಮರಿ ಈಜಲು ಕಲಿತ ಕೂಡಲೇ ಹೋಗಿ ಅಂಟಿಕೊಳ್ಳುವುದು ಅಪ್ಪ ಅಮ್ಮನ ಮೈಗೆ. ಅವುಗಳ ಚರ್ಮದ ಮೇಲೆ ಒಸರುವ ಲೋಳೆಯೇ ಮೊದಲ ಆಹಾರ. ತಾಯಿಯೊಂದೇ ಅಲ್ಲ, ತಂದೆಯೂ ಉಣಿಸುತ್ತದೆ. ಹಿಲ್ಡೆಮನ್ ಎಂಬ ವಿಜ್ಞಾನಿ 1959ರಲ್ಲಿ ಈ ವಿಚಿತ್ರವನ್ನು ಪ್ರಬಂಧದಲ್ಲಿ ವಿವರಿಸಿದರು. 2010ರಲ್ಲಿ ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ ಜೊನಾಥನ್ ಬಕ್ಲಿ ಮತ್ತು ಸಂಗಡಿಗರು ಆ ಲೋಳೆಯನ್ನೇ ಪರೀಕ್ಷೆಗೆ ಹಚ್ಚಿದರು. ಮೊಟ್ಟೆಯಿಟ್ಟ ಮೇಲೆ ಅದರಲ್ಲಿ ಪ್ರೋಟೀನ್ ಏರುತ್ತದೆ, ರೋಗ ತಡೆಯುವ ಪ್ರತಿಕಾಯಗಳೂ ಹೆಚ್ಚುತ್ತವೆ. ಮೊದಲ ಎರಡು ವಾರ ತಂದೆ ತಾಯಿ ಮರಿಗಳನ್ನು ಬಿಟ್ಟು ಕದಲುವುದಿಲ್ಲ. ಮೂರನೆಯ ವಾರದಿಂದ ಸ್ವಲ್ಪ ಸ್ವಲ್ಪ ಹೊತ್ತು ದೂರ ಈಜಿ, ಮರಿಗಳು ಬೇರೆ ಆಹಾರ ಹುಡುಕುವಂತೆ ಮಾಡುತ್ತವೆ. ಸಸ್ತನಿಗಳು ಮೊಲೆ ಬಿಡಿಸುವ ಕ್ರಮದ ಜೊತೆ ಇದನ್ನು ಹೋಲಿಸಿ ನೋಡಿದವರು ಅವರೇ.

ಮರಿಗಳಿಗೆ ಕಪ್ಪಗಿರುವುದರ ಕಡೆಗೆ ಸೆಳೆತ. ಮರಿ ಈಜುವ ಹೊತ್ತಿಗೆ ತಂದೆ ತಾಯಿಯ ಮೈಬಣ್ಣವೂ ಕಪ್ಪಾಗುತ್ತದೆ. ಅದೇ ಹೊತ್ತಿಗೆ ತೊಟ್ಟಿಯಲ್ಲಿ ಕರಿ ಸ್ಪಂಜು, ಕರಿ ಮುಚ್ಚಳ ಇದ್ದರೆ ಮರಿಗಳು ಅದನ್ನೇ ಅಮ್ಮನೆಂದು ಹಿಡಿದು, ಉಪವಾಸ ಬಿದ್ದು ಸಾಯುತ್ತವೆ. ತಿಳಿನೀಲಿ ಬಣ್ಣ, ಬಿಳಿ ಟೇಪು ಎಲ್ಲ ಇದಕ್ಕೇ. ಅಂಗಡಿಗಳಲ್ಲಿ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ‘ಪಿಜನ್ ಬ್ಲಡ್’ ಡಿಸ್ಕಸ್ ಇರುತ್ತದಲ್ಲ, ಥಾಯ್ಲೆಂಡಿನಲ್ಲಿ ಬೆಳಕಿಗೆ ಬಂದ ತಳಿ, ಅದಕ್ಕೆ ಮೈ ಕಪ್ಪಾಗಿಸಿಕೊಳ್ಳಲು ಬರುವುದಿಲ್ಲ. ಮರಿಗಳು ಅಪ್ಪ ಅಮ್ಮನನ್ನು ಹುಡುಕಲಾರದೆ ಒದ್ದಾಡುತ್ತವೆ. ಇವರು ಪಟ್ಟೆಗಳಿರುವ ರೆಡ್ ಟರ್ಕ್ವಾಯಿಸ್ ತಳಿಯನ್ನೇ ಆರಿಸಿಕೊಂಡದ್ದು ಅದಕ್ಕೆ.

ಬದಲಿ ಆಹಾರವೇ ಇಲ್ಲವೆಂದಲ್ಲ. ಅಮೆರಿಕದ ಹೆಸರಾಂತ ಡಿಸ್ಕಸ್ ಸಾಕಣೆಗಾರ ಜ್ಯಾಕ್ ವಾಟ್ಲಿ ಒಣಮೊಟ್ಟೆಯ ಪುಡಿಯ ಸರಿ ಮಾಡಿ, ಅಗಲ ಪಾತ್ರೆಯ ಅಂಚಿಗೆ ಬಳಿದು, ಅಪ್ಪ ಅಮ್ಮನಿಲ್ಲದೆ ಮರಿ ಬೆಳೆಸುವ ದಾರಿ ಕಂಡುಕೊಂಡಿದ್ದರು. ಹಗಲಿಡೀ ಮತ್ತೆ ಮತ್ತೆ ಉಣಿಸಬೇಕು, ಪ್ರತಿ ಸಲವೂ ನೀರು ಬದಲಿಸಬೇಕು. ಮನೆಯಲ್ಲಿ ಮಾಡುವವರಿಗೆ ಹೇಳಿಸಿದ ಕೆಲಸವಲ್ಲ. ಆದ್ದರಿಂದ ಈ ಕೋಣೆಯ ಸಿದ್ಧತೆಯೆಲ್ಲ ಒಂದೇ ಕಡೆಗೆ ತಿರುಗಿದೆ: ಮರಿಯನ್ನು ನೋಡಿಕೊಳ್ಳುವುದಲ್ಲ, ಮರಿಯನ್ನು ನೋಡಿಕೊಳ್ಳಬಲ್ಲ ಜೋಡಿಯನ್ನು ನೋಡಿಕೊಳ್ಳುವುದು. ತಂದೆ ತಾಯಿಯ ಮೈಗೆ ಕಾಯಿಲೆ ಬಂದರೆ ಮರಿಯ ತಟ್ಟೆಗೇ ಕಾಯಿಲೆ.

ಜೋಡಿ

ಹೆಣ್ಣು ಯಾವುದು ಗಂಡು ಯಾವುದು ಎಂದು ನೋಡಿ ಹೇಳಿ ಎಂದರು. ಗಂಡು ಕೊಂಚ ದೊಡ್ಡದಿರುತ್ತದೆ ಎನ್ನುತ್ತಾರೆ, ಹಣೆ ದಪ್ಪ ಎನ್ನುತ್ತಾರೆ. ಯಾವುದನ್ನೂ ನಂಬುವಂತಿಲ್ಲ. ಮೊಟ್ಟೆಯಿಡುವ ಹೊತ್ತಿಗೆ ಹೊಟ್ಟೆಯ ಕೆಳಗೆ ಹೊರಚಾಚುವ ನಾಳ ಹೆಣ್ಣಿಗೆ ಅಗಲ, ತುದಿ ಮೊಂಡು. ಗಂಡಿಗೆ ಸಣ್ಣ, ಚೂಪು. ಗುರುತು ಅದೊಂದೇ. ಅದಕ್ಕೇ ಜೋಡಿ ಕೊಳ್ಳುವ ಬದಲು ಆರೆಂಟು ಎಳೆ ಮೀನು ತಂದು ಒಟ್ಟಿಗೆ ಬೆಳೆಸುತ್ತಾರೆ. ವರ್ಷ ಒಂದೂವರೆ ವರ್ಷದಲ್ಲಿ ಅವೇ ಜೊತೆ ಆರಿಸಿಕೊಳ್ಳುತ್ತವೆ. ಯಾವೆರಡು ಒಂದು ಮೂಲೆ ಹಿಡಿದು ಉಳಿದವನ್ನು ಅಟ್ಟತೊಡಗುತ್ತವೋ ಅವನ್ನು ಎತ್ತಿ ಬೇರೆ ತೊಟ್ಟಿಗೆ ಬಿಡುವುದು. ಎರಡು ಹೆಣ್ಣುಗಳೇ ಜೋಡಿಯಂತೆ ನಟಿಸಿ, ಇಬ್ಬರೂ ಮೊಟ್ಟೆಯಿಟ್ಟು ಯಜಮಾನರನ್ನು ಪೇಚಿಗೆ ಸಿಕ್ಕಿಸುವುದೂ ಉಂಟು.

ಈ ಜೋಡಿಯನ್ನು ಸ್ಟೂಲಿನ ಮೇಲೆ ಕೂತು ನೋಡಿದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ದೊಡ್ಡದು ಶಂಕುವಿನ ಬಳಿ ಬಂದು, ತಲೆ ಕೆಳಗೆ ಮಾಡಿ, ಮತ್ತೆ ಎತ್ತಿತು. ಎದುರಿನದೂ ಹಾಗೇ ಬಾಗಿತು. ಬಾಲದ ಕಡೆಯ ಪಟ್ಟೆಗಳು ನೋಡುತ್ತಿದ್ದಂತೆ ಕಪ್ಪಾದವು. ಮೈ ಒಂದು ಸಲ ಸಣ್ಣಗೆ ನಡುಗಿತು. ಚಿಕ್ಕದು ಶಂಕುವಿಗೆ ಬಾಯಿ ಹಚ್ಚಿ ಕಚ್ಚಿ ಕಚ್ಚಿ ತಿಕ್ಕತೊಡಗಿತು. ಒಂದು ಅಂಗುಲ ಜಾಗ ಮುಗಿಸಿ, ಹಿಂದೆ ಸರಿದು, ಮತ್ತೆ ಅದೇ ಜಾಗಕ್ಕೆ ಬಾಯಿ ಹಾಕಿತು. ತಿಕ್ಕಿದಲ್ಲಿ ಮಣ್ಣಿನ ಕೆಂಪು ಎದ್ದು ಕಾಣುತ್ತಿತ್ತು. ‘ಜಾಗ ಶುದ್ಧ ಮಾಡ್ತಿದೆ. ಇವತ್ತೇ ಅಂತಲ್ಲ, ನಾಳೇನೇ ಅಂತಲೂ ಅಲ್ಲ’ ಎಂದರು ಯಜಮಾನರು, ದನಿ ತಗ್ಗಿಸಿ.

ಮೊಟ್ಟೆಯಿಟ್ಟರೆ ಮುಂದಿನ ಲೆಕ್ಕ ಗೋಡೆಯ ಕ್ಯಾಲೆಂಡರಿನ ಪಕ್ಕ ಪೆನ್ಸಿಲಿನಲ್ಲಿ ಬರೆದಿದೆ. ಹೆಣ್ಣು ಕೆಳಗಿನಿಂದ ಮೇಲಕ್ಕೆ ಸಾಲು ಸಾಲಾಗಿ ಮೊಟ್ಟೆ ಅಂಟಿಸುತ್ತಾ ಹೋಗುತ್ತದೆ, ಗಂಡು ಹಿಂದೆಯೇ ಬರುತ್ತದೆ. ನೂರರಿಂದ ಮುನ್ನೂರು ಮೊಟ್ಟೆ. ಎರಡೂವರೆ ಮೂರು ದಿನಕ್ಕೆ ಒಡೆದು, ತಲೆ ಶಂಕುವಿಗೆ ಅಂಟಿ, ಬಾಲ ಮಾತ್ರ ಅಲ್ಲಾಡುತ್ತಿರುತ್ತದೆ. ಕಳಚಿ ಬಿದ್ದದ್ದನ್ನು ಅಪ್ಪ ಅಮ್ಮ ಬಾಯಲ್ಲಿ ಎತ್ತಿ ಮತ್ತೆ ಅಂಟಿಸುತ್ತವೆ. ಇನ್ನೂ ಎರಡು ಮೂರು ದಿನಕ್ಕೆ ಈಜು. ಆಗ ತೊಟ್ಟಿಯ ನೀರನ್ನು ಅರ್ಧಕ್ಕೆ ಇಳಿಸಿದರೆ ಮರಿಗಳು ಅಲೆಯಬೇಕಾದ ದೂರ ಕಡಿಮೆಯಾಗುತ್ತದೆ. ರಾತ್ರಿ ಪೂರ್ತಿ ಕತ್ತಲು ಮಾಡದೆ ಸಣ್ಣ ದೀಪ ಉರಿಸಬೇಕು, ಜೋಡಿ ಮೊಟ್ಟೆಯನ್ನು, ಮರಿ ಜೋಡಿಯನ್ನು ಕಳೆದುಕೊಳ್ಳದ ಹಾಗೆ.

ಮೊದಮೊದಲ ಮೊಟ್ಟೆಗಳನ್ನು ಎಳೆಯ ಜೋಡಿ ತಿಂದುಹಾಕುವುದು ಮಾಮೂಲು. ಶಂಕುವಿನ ಸುತ್ತ ಜಾಲರಿ ಕಟ್ಟುವವರಿದ್ದಾರೆ: ಮೀನಿಗೆ ಮೊಟ್ಟೆ ಕಾಣುತ್ತದೆ, ಬಾಯಿಗೆ ಎಟುಕುವುದಿಲ್ಲ. ಬೂಷ್ಟು ಬಾರದಂತೆ ಮೆಥಿಲೀನ್ ಬ್ಲೂ ಹಾಕುವವರೂ ಇದ್ದಾರೆ. ಇವರ ಕಪಾಟಿನಲ್ಲಿ ಎರಡೂ ಇವೆ, ಎರಡನ್ನೂ ಕೊನೆಗೆ ತೆಗೆಯುತ್ತಾರೆ. ಮೆಥಿಲೀನ್ ಬ್ಲೂ ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೂ ಒಗ್ಗದು. ತಿಂದರೆ ತಿನ್ನಲಿ, ಆರೋಗ್ಯವಾಗಿರುವ ಜೋಡಿ ಹತ್ತಿಪ್ಪತ್ತು ದಿನಕ್ಕೆ ಮತ್ತೆ ಇಡುತ್ತದೆ, ಕಲಿಯುತ್ತದೆ ಎಂಬುದು ಅವರ ಧೋರಣೆ.

ಅಡುಗೆಮನೆಯ ಅರ್ಧ

ಫ್ರಿಜ್ಜಿನ ಮೇಲಿನ ಖಾನೆ ಮೀನಿನದು. ಸಿಗಡಿ, ಮೀನಿನ ಮಾಂಸ, ಪಾಲಕ್, ಸ್ಪಿರುಲಿನಾ ಪುಡಿ ಸೇರಿಸಿ ಅರೆದು, ತೆಳು ಹಾಳೆಯಾಗಿ ಗಟ್ಟಿಸಿದ್ದಾರೆ. ಬೇಕೆಂದಾಗ ಮುರಿದು ಹಾಕುತ್ತಾರೆ. ಜೊತೆಗೆ ಹೆಪ್ಪುಗಟ್ಟಿಸಿದ ಬ್ಲಡ್‌ವರ್ಮ್. ಜೀವಂತ ಟ್ಯೂಬಿಫೆಕ್ಸ್ ಹುಳುವಿಗೆ ಮಾತ್ರ ಪ್ರವೇಶವಿಲ್ಲ. ಮೀನು ಆಸೆಪಟ್ಟು ತಿನ್ನುತ್ತದೆ, ಆದರೆ ಅದು ಬೆಳೆಯುವುದು ಕೊಳಚೆಯಲ್ಲಿ. ಜೊತೆಗೆ ರೋಗವೂ ಬರುತ್ತದೆ.

ಕಿಟಕಿಯಲ್ಲಿ ತಲೆಕೆಳಗಾಗಿ ತೂಗುಬಿಟ್ಟ ಎರಡು ಪ್ಲಾಸ್ಟಿಕ್ ಬಾಟಲಿ ಆರ್ಟೀಮಿಯಾಕ್ಕೆ. ಉಪ್ಪುನೀರಿನ ಈ ಸೂಕ್ಷ್ಮ ಸಿಗಡಿಯ ಒಣಮೊಟ್ಟೆ ಡಬ್ಬಿಯಲ್ಲಿ ಸಿಗುತ್ತದೆ. ಅಮೆರಿಕದ ಯೂಟಾ ರಾಜ್ಯದ ಗ್ರೇಟ್ ಸಾಲ್ಟ್ ಲೇಕ್ ಸರೋವರದ್ದು ಹೆಸರುವಾಸಿ. ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು, 28 ಡಿಗ್ರಿ ಶಾಖ, ಬಿಡದೆ ಗಾಳಿ. 24 ಗಂಟೆಯಲ್ಲಿ ಒಡೆಯುತ್ತದೆ. ಗಾಳಿ ನಿಲ್ಲಿಸಿ ಬುಡಕ್ಕೆ ಟಾರ್ಚ್ ಹಿಡಿದರೆ ಸಿಪ್ಪೆ ಮೇಲೆ ತೇಲುತ್ತದೆ, ಕಿತ್ತಳೆ ಬಣ್ಣದ ಮರಿಗಳು ಬೆಳಕಿನ ಕಡೆ ಇಳಿಯುತ್ತವೆ. ಡಿಸ್ಕಸ್ ಮರಿ ಈಜತೊಡಗಿದ ನಾಲ್ಕೈದು ದಿನಕ್ಕೆ ಇದನ್ನು ಕೊಡಲು ಶುರು. ಆ ದಿನ ಡಬ್ಬಿ ಒಡೆದು ಮೊಟ್ಟೆ ಹಳಸಿದೆ ಎಂದು ತಿಳಿದರೆ ಏನೂ ಮಾಡುವಂತಿಲ್ಲ. ಅದಕ್ಕೇ ಈಗಲೇ ಒಂದು ಬಾಟಲಿ ಪರೀಕ್ಷೆಗೆ ಹಾಕಿದ್ದಾರೆ.

ಔಷಧದ ಪೆಟ್ಟಿಗೆ ಚಿಕ್ಕದು. ಬಿಳಿ ದಾರದಂತಹ ಹಿಕ್ಕೆ ಕಂಡರೆ ಕರುಳಿನ ಪರೋಪಜೀವಿಯ ಸಂಶಯ, ಅದಕ್ಕೆ ಮೆಟ್ರೊನಿಡಜೋಲ್. ಒಂದೇ ಕಿವಿರಿನಲ್ಲಿ ಉಸಿರಾಡುತ್ತಿದ್ದರೆ ಕಿವಿರು ಹುಳು, ಅದಕ್ಕೆ ಪ್ರಾಜಿಕ್ವಾಂಟೆಲ್. ಇವೆಲ್ಲ ಜೋಡಿ ಕೂಡಿಸುವ ಮುಂಚೆಯೇ ಮುಗಿಯಬೇಕು. ಹೊಸ ಮೀನು ಯಾವುದೇ ಬರಲಿ, ಸ್ನಾನದ ಮನೆಯಲ್ಲಿಟ್ಟ ತೊಟ್ಟಿಯಲ್ಲಿ ನಾಲ್ಕರಿಂದ ಆರು ವಾರ ಒಂಟಿವಾಸ. ಅದರ ಬಲೆ, ಪೈಪು, ಬಕೆಟ್ಟಿಗೆ ಕೆಂಪು ಟೇಪು. ಮೀನಿನ ಕೋಣೆಗೆ ಅವು ಬರುವಂತಿಲ್ಲ.

ಖಾಲಿ ತೊಟ್ಟಿಗಳು

ಹೊರಡುವಾಗ ಕಣ್ಣಿಗೆ ಬಿದ್ದದ್ದು ಸ್ಟ್ಯಾಂಡಿನ ಕೆಳಸಾಲು. ನೀರು ತುಂಬಿ, ಫಿಲ್ಟರ್ ಓಡುತ್ತಿರುವ ತೊಟ್ಟಿಗಳು, ಒಳಗೆ ಅಗ್ಗದ ನಾಲ್ಕಾರು ಮೀನು ಬಿಟ್ಟರೆ ಏನಿಲ್ಲ. ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೆ ಊಟ ಸಿಗಲೆಂದು ಆ ಮೀನು. ಮರಿಗಳನ್ನು ಮೂರು ನಾಲ್ಕು ವಾರಕ್ಕೆ ಜೋಡಿಯಿಂದ ಬಿಡಿಸಿದ ಮೇಲೆ ಅವಕ್ಕೆ ಜಾಗ ಬೇಕು. ದಿನಕ್ಕೆ ನಾಲ್ಕೈದು ಸಲ ತಿನ್ನುವ ನೂರು ಮರಿಗಳಿಗೆ ದಿನವೂ ಅರ್ಧಕ್ಕರ್ಧ ನೀರು ಬದಲಿಸಬೇಕು. ನೀರು, ಜಾಗ, ಆಹಾರ ಮೂರರಲ್ಲಿ ಒಂದು ಕಡಿಮೆಯಾದರೂ ಮರಿಯ ಬೆಳವಣಿಗೆ ಕುಂಠಿತವಾಗಿ, ಕಣ್ಣು ಮಾತ್ರ ದೊಡ್ಡದಾಗಿ ಉಳಿಯುತ್ತದೆ. ಅಂಥ ಮರಿಯನ್ನು ಮುಂದೆ ಎಷ್ಟು ತಿನ್ನಿಸಿದರೂ ದುಂಡಗಾಗುವುದಿಲ್ಲ.

ಬೆಳೆದ ಜೋಡಿ ಕೊಡುತ್ತೀರಾ ಎಂದು ಕೇಳಿಕೊಂಡು ಬರುವವರ ಜೊತೆ ಇವರು ಬೆಲೆ ಮಾತಾಡುವುದು ಆಮೇಲೆ. ಮೊದಲ ಪ್ರಶ್ನೆ, ಮೂರನೇ ತಿಂಗಳಿಗೆ ನೂರು ಮರಿ ಎಲ್ಲಿಡುತ್ತೀರಿ ಎಂಬುದು. ಎರಡನೆಯದು, ನಿಮ್ಮ ಮನೆಯ ನೀರಿನ ಟಿಡಿಎಸ್ ಎಷ್ಟು. ಎರಡಕ್ಕೂ ಉತ್ತರ ಇಟ್ಟುಕೊಂಡು ಬಂದವರು ಬಹಳ ಕಡಿಮೆ. ಉಳಿದವರಿಗೆ ಕಾಫಿ ಕೊಟ್ಟು, ಒಂದು ಟಿಡಿಎಸ್ ಮೀಟರ್ ಕೊಂಡುಕೊಳ್ಳಿ ಎಂದು ಹೇಳಿ ಕಳಿಸುತ್ತಾರೆ.